ಮೂರರ ಮೇಲೊಂದು

"ಎಡಕ್ಕೆ ಒಡೀರಿ. ಇನ್ನೂ ಎಡಕ್ಕೆ. ಹಾಂ, ಈಗ ನೇರ ಮಾಡ್ಕೊಳ್ಳಿ. ಹಿಂದೆ ಕಂಬ ಇದೆ, ಕನ್ನಡಿ ನೋಡ್ಕೊಂಡು—"

ಅಷ್ಟಕ್ಕೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಮಾತು ನುಂಗಿಕೊಂಡರು. ಚಕ್ರದ ಸ್ಟ್ಯಾಂಡಿನ ಮೇಲೆ ನಿಂತ ಟೀವಿ ಪರದೆಗೆ ಕನ್ನಡಿ ಎಲ್ಲಿಂದ ಬರಬೇಕು? ಅದನ್ನು ತಳ್ಳುತ್ತಿದ್ದ ಕೆಲಸಗಾರರಿಬ್ಬರೂ ಮುಖಮುಖ ನೋಡಿಕೊಂಡರು. ನಗಲಿಲ್ಲ. ಚಿತಾಗಾರದಲ್ಲಿ ಕೆಲಸಕ್ಕಿದ್ದವರು ಮೊದಲು ಕಲಿಯುವುದೇ ಅದನ್ನು.

ಪರದೆ ಶವಪೆಟ್ಟಿಗೆಯ ತಲೆಯ ಪಕ್ಕಕ್ಕೆ ಬಂದು ನಿಂತಿತು. ಅದರ ನೆತ್ತಿಯಲ್ಲಿ ಅಂಗಿಯ ಗುಂಡಿಯಷ್ಟು ಸಣ್ಣ ಕ್ಯಾಮೆರಾ. ಮೇಷ್ಟ್ರು ಅದರ ಎತ್ತರಕ್ಕೆ ಬಗ್ಗಿ, ಅದರ ಕಣ್ಣಿನಿಂದಲೇ ನೋಡುವವರಂತೆ ಪೆಟ್ಟಿಗೆಯೊಳಗೆ ನೋಡಿದರು. ಹೆಂಡತಿಯ ಹಣೆ ಕಾಣುತ್ತಿತ್ತು, ಮೂಗಿನ ಪಕ್ಕದ ಮಚ್ಚೆ ಕಾಣುತ್ತಿತ್ತು. ಗಲ್ಲ ಮಾತ್ರ ಹೂವಿನ ಮರೆಗೆ ಹೋಗಿತ್ತು. ಎರಡು ಹೂ ತೆಗೆದು ಜೇಬಿಗೆ ಹಾಕಿಕೊಂಡರು.

"ಭಾವ, ಸಾಕು ಬನ್ನಿ, ಕೂತ್ಕೊಳ್ಳಿ. ಅದೇನು ಲಾರಿನಾ, ನೀವು ನಿಂತು ರಿವರ್ಸ್ ತೆಗೆಸೋಕೆ?" ಎಂದಳು ನಾದಿನಿ. ತೀರಿಕೊಂಡವಳ ತಂಗಿ ಅವಳು. ಅತ್ತು ಅತ್ತು ಮೂಗು ಕೆಂಪಾಗಿದ್ದರೂ ನಾಲಿಗೆ ಮೊಂಡಾಗಿರಲಿಲ್ಲ.

"ಮುಖ ಪೂರ್ತಿ ಕಾಣ್ಬೇಕಲ್ಲಮ್ಮ ಅವನಿಗೆ."

"ಕಾಣುತ್ತೆ. ನೀವು ಅಡ್ಡ ನಿಲ್ಲದಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ."

ಅವನು ಎಂದರೆ ಮಗ. ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಅಮ್ಮ ಹೋದ ಸುದ್ದಿ ಮುಟ್ಟಿದಾಗ ಹಡಗು ನಡುಗಡಲಿನಲ್ಲಿತ್ತು. ಇಳಿದು ಬರಲು ದಡವೇ ಇರಲಿಲ್ಲ. ಅವನಿಂದ ಎರಡು ಸಾಲಿನ ಸಂದೇಶ ಬಂದಿತ್ತು: ಅಪ್ಪ, ಮುಚ್ಚಳ ಹಾಕೋಕೆ ಮುಂಚೆ ಒಂದ್ಸಲ ಅಮ್ಮನ ಮುಖ ತೋರಿಸು. ಅವಳಿಗೆ ಒಂದು ಮಾತು ಹೇಳೋದು ಉಳಿದಿದೆ.

ತೋರಿಸ್ತೀನಿ ಎಂದು ಮೇಷ್ಟ್ರು ಬರೆದು ಕಳಿಸಿದ್ದರು. ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವರು. ಯಾರಿಗೂ "ನಿಮಗೆ ಲೈಸೆನ್ಸ್ ಸಿಕ್ಕೇ ಸಿಗುತ್ತೆ" ಎಂದು ಮಾತು ಕೊಟ್ಟವರಲ್ಲ. ಮಗನಿಗೆ ಕೊಟ್ಟುಬಿಟ್ಟಿದ್ದರು.

ಚಿತಾಗಾರದ ಮೇಲ್ವಿಚಾರಕ ಬಂದ. ಕುತ್ತಿಗೆಗೆ ನೇತುಬಿದ್ದ ಬೀಗದ ಕೈಗಳು ಸದ್ದು ಮಾಡದಂತೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ಒಳ್ಳೆಯ ಮನುಷ್ಯ, ಆದರೆ ಅವನಿಗೂ ಅವನ ದಿನ ಓಡಬೇಕು.

"ಸಾರ್, ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಇದನ್ನ ಈಚೆಗೆ ಹಾಕಿಸಿದ್ದು. ಊರೊಳಗಿನ ಕರೆ ಆದ್ರೆ ಒಂದೇ ಏಟಿಗೆ ಸಿಗುತ್ತೆ. ಹಡಗು ಅಂದ್ರೆ ಆಕಾಶಕ್ಕೆ ಹೋಗಿ ಸುತ್ತಿ ಬರ್ಬೇಕು. ಒಂದು ಅನುಮತಿಗೆ ಮೂರು ಪ್ರಯತ್ನ ಅಂತ ಇಟ್ಟಿದಾರೆ. ಅಷ್ಟರಲ್ಲಿ ಸಿಕ್ರೆ ಸಿಕ್ತು."

"ಸಿಗ್ಲಿಲ್ಲ ಅಂದ್ರೆ?"

"ಹಡಗಿನ ಕಂಪನಿಯವರಿಂದ ಮತ್ತೆ ಅನುಮತಿ ತರ್ಬೇಕು. ಅವರ ಆಫೀಸ್ ತೆಗೆಯೋದೇ ಸಂಜೆಗೆ. ನಿಮ್ಮ ಹಿಂದೆ ಇನ್ನೊಬ್ಬರು ಕಾಯ್ತಿದಾರೆ ಸಾರ್, ಒಲೆನೂ ಆಗಲೇ..." ಅವನು ಮಾತನ್ನು ಅಲ್ಲೇ ಮಡಚಿಟ್ಟ. "ಸಿಗುತ್ತೆ ಬಿಡಿ. ನೋಡೋಣ. ಜನ ಎಲ್ಲ ಬರ್ಲಿ."

ಮೇಷ್ಟ್ರು ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತರು. ಕುಳಿತ ತಕ್ಷಣ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿ ಹಿಡಿಯಿತು. ಕಲಿಯುವವರ ಪಕ್ಕದ ಸೀಟಿನಲ್ಲಿ ಆಯುಷ್ಯ ಕಳೆದವರ ಕಾಲು ಅದು. ಬಸ್ಸಿನಲ್ಲಿ ಕೂತರೂ, ಸಿನಿಮಾ ನೋಡುತ್ತಿದ್ದರೂ, ಭಯವಾದಾಗ ಇಲ್ಲದ ಬ್ರೇಕನ್ನು ಹುಡುಕಿಕೊಂಡು ಹೋಗುತ್ತಿತ್ತು. ಹೆಂಡತಿ ಪಕ್ಕದಲ್ಲಿದ್ದರೆ ಅವರ ಮಂಡಿಯ ಮೇಲೆ ಕೈಯಿಟ್ಟು, "ಬಿಡ್ರೀ, ಗಾಡಿ ನಿಂತೇ ಇದೆ" ಎನ್ನುತ್ತಿದ್ದಳು.

* * *

ಅವಳು ನೀರು ಸರಬರಾಜು ಕಚೇರಿಗೆ ಸೇರಿದ ಕಾಲಕ್ಕೆ ಊರಿನ ನೀರಿನ ತೊಟ್ಟಿಗಳೆಲ್ಲ ಗುಡ್ಡದ ಮೇಲಿದ್ದವು, ಅವುಗಳ ಲೆಕ್ಕ ಕೆಳಗಿನ ಕಚೇರಿಯ ಕಂಪ್ಯೂಟರಿನಲ್ಲಿತ್ತು. ಪ್ರತಿ ತೊಟ್ಟಿಗೂ ಒಂದು ಪುಟ್ಟ ಯಂತ್ರ ಕಟ್ಟಿದ್ದರು. ಕಂಪ್ಯೂಟರು ಟೆಲಿಫೋನ್ ತಂತಿಯ ಮೂಲಕ ನೀರೆಷ್ಟಿದೆ ಎಂದು ಕೇಳಬೇಕು, ಯಂತ್ರ ಉತ್ತರ ಕೊಡಬೇಕು. ಗಾಳಿ ಜೋರಾದಾಗ ತಂತಿ ಬಾಯಿ ಬಿಡುತ್ತಿರಲಿಲ್ಲ. ಉತ್ತರ ಬರದಿದ್ದರೆ ಕಂಪ್ಯೂಟರು ತೊಟ್ಟಿ ಖಾಲಿಯೆಂದು ತಿಳಿದು ಪಂಪು ಶುರುಮಾಡುತ್ತಿತ್ತು. ಒಮ್ಮೆ ಹಾಗೆ ತುಂಬಿ ಹರಿದ ನೀರು ಗುಡ್ಡ ಇಳಿದು ಬಂದು ಚಪ್ಪಲಿ ಅಂಗಡಿಗೆ ನುಗ್ಗಿ, ಎಡಗಾಲಿನವು ಒಂದು ಬೀದಿಗೂ ಬಲಗಾಲಿನವು ಇನ್ನೊಂದು ಬೀದಿಗೂ ತೇಲಿ ಹೋಗಿದ್ದವು.

ಪ್ರತಿ ಸಲವೂ ಸೈಕಲ್ ತುಳಿದುಕೊಂಡು ಗುಡ್ಡ ಹತ್ತಿ ಕೈಯಿಂದ ವಾಲ್ವ್ ಮುಚ್ಚಬೇಕಾದವನು ಕಚೇರಿಯ ವಾಲ್ವಿನವನು. ಏದುಸಿರು ಬಿಡುತ್ತ ಬಂದು ಅವಳ ಮೇಜಿನ ಮುಂದೆ ನಿಲ್ಲುತ್ತಿದ್ದ.

"ನೀರಕ್ಕ, ನಿಮ್ಮ ಕಂಪ್ಯೂಟರಿಗೆ ಸ್ವಲ್ಪ ತಾಳ್ಮೆ ಕಲಿಸ್ರಿ. ಒಂದ್ಸಲ ಕೇಳಿ ಮುಖ ತಿರುಗಿಸ್ಕೊಂಡ್ಬಿಡುತ್ತಲ್ಲ, ನನ್ನ ಅತ್ತೆ ಹಾಗೆ! ನನ್ನ ಮಂಡಿ ಉಳಿಸಿದ ಪುಣ್ಯ ಬರುತ್ತೆ ನಿಮಗೆ."

ಅವಳು ಕಲಿಸಿದಳು. ಕೇಳು, ಉತ್ತರ ಬರದಿದ್ದರೆ ಸ್ವಲ್ಪ ತಾಳು. ಮತ್ತೆ ಕೇಳು, ಬರದಿದ್ದರೆ ಮೊದಲು ತಾಳಿದ್ದರ ಎರಡರಷ್ಟು ತಾಳು. ಮೇಲಿಂದ ಮೇಲೆ ಕೇಳಿ ಜೀವ ತಿನ್ನಬೇಡ, ಬರಲಿಲ್ಲವೆಂದು ಒಂದೇ ಸಲಕ್ಕೆ ಕೈಯನ್ನೂ ಬಿಡಬೇಡ. ಇಷ್ಟನ್ನೇ ಒಂದು ಪುಟದೊಳಗೆ ಬರೆದು ಮುಗಿಸಿದ್ದಳು. ಗಾಳಿ ಬಂದು ಹೋಯಿತು, ಪಂಪು ಸುಮ್ಮನಿತ್ತು. ವಾಲ್ವಿನವನು ಆ ವಾರ ಸೈಕಲ್ಲನ್ನೇ ಹೊರಗೆ ತೆಗೆಯಲಿಲ್ಲ.

ಕಚೇರಿಯ ಮೇಲಿನವರು ಬೇಡವೆನ್ನಲಿಲ್ಲವಾದ್ದರಿಂದ ಅವಳು ಆ ಪ್ರೋಗ್ರಾಮಿನ ತುಣುಕನ್ನು ತೊಟ್ಟಿಯ ಕೆಲಸದಿಂದ ಬಿಡಿಸಿ, ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಎಲ್ಲರೂ ಇಡುವ ಜಾಗದಲ್ಲಿ ಇಟ್ಟಳು. ಅದಕ್ಕಿಟ್ಟ ಹೆಸರು 'ತಾಳು'. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಅವಳ ಬೆಳಗುಗಳು ಶುರುವಾದದ್ದು ಆಗ. ಮನೆ ಏಳುವ ಮುಂಚೆ ಎದ್ದು, ಕಾಫಿ ಲೋಟ ಹಿಡಿದು ಅಲ್ಲಿಗೆ ಹೋದರೆ ಕುಕ್ಕರ್ ಕೂಗುವವರೆಗೂ ಹೊರಗೆ ಬರುತ್ತಿರಲಿಲ್ಲ.

"ಅದೇನೇ ಅದು, ದಿನಾ? ಲೈಬ್ರರಿ ಅಂತೀಯ, ಒಂದು ಪುಸ್ತಕ ಕಾಣಲ್ಲ," ಎಂದು ಮೇಷ್ಟ್ರು ಒಮ್ಮೆ ಕೇಳಿದರು.

"ನೋಡಿ, ನಿಮ್ಮ ಸ್ಕೂಲಿನ ಕಾರಲ್ಲಿ ನಿಮ್ಮ ಕಾಲ ಹತ್ರ ಇನ್ನೊಂದು ಬ್ರೇಕ್ ಇದೆಯಲ್ಲ, ಕಾರಿನ ಕಂಪನಿಯವರು ಕೊಟ್ಟಿದ್ದಾ ಅದು?"

"ಅವರೆಲ್ಲಿ ಕೊಡ್ತಾರೆ? ಗ್ಯಾರೇಜಿನವನು ಆಮೇಲೆ ಕೂರಿಸಿದ್ದು."

"ಹಾಗೇ ಇದು. ಕಂಪ್ಯೂಟರಿನ ಭಾಷೆ ಅಂದ್ರೆ ಕಂಪನಿ ಕಾರು. ಓಡುತ್ತೆ, ನಿಲ್ಲುತ್ತೆ, ಎಲ್ಲರಿಗೂ ಒಂದೇ. ಒಬ್ಬೊಬ್ಬರಿಗೆ ಒಂದೊಂದು ಬೇಕಾಗುತ್ತಲ್ಲ. ದಿನಾಂಕ ಲೆಕ್ಕ ಹಾಕೋದು ಒಬ್ಬರು ಮಾಡಿಟ್ಟಿರ್ತಾರೆ, ಚಿತ್ರ ಕತ್ತರಿಸೋದು ಇನ್ನೊಬ್ಬರು. ಬೇಕಾದವರು ತಗೊಂಡು ತಮ್ಮ ಗಾಡಿಗೆ ಕೂರಿಸ್ಕೊಳ್ತಾರೆ. ನಾನು ಒಂದು ಬ್ರೇಕ್ ಮಾಡಿಟ್ಟಿದೀನಿ ಅಂದ್ಕೊಳ್ಳಿ."

"ಯಾರು ಕೂರಿಸ್ಕೊಂಡಿದಾರೆ?"

"ಅದೇ ಗೊತ್ತಾಗಲ್ಲ. ತಗೊಳ್ಳೋವ್ರು ಹೇಳಿ ತಗೊಳ್ಳಲ್ಲ. ಕೆಟ್ಟಾಗ ಮಾತ್ರ ಹೇಳ್ತಾರೆ," ಎಂದು ನಕ್ಕಿದ್ದಳು.

ಮಗ ಹಡಗಿಗೆ ಸೇರಿದ ಮೇಲೆ ತಾಳು ಎಲ್ಲೆಲ್ಲಿದೆ ಎಂದು ಹುಡುಕುವುದೊಂದು ಆಟವಾಯಿತು. ಅವನು ಕರೆ ಮಾಡಿದಾಗಲೆಲ್ಲ ಊಟ, ನಿದ್ದೆ, ಕಾಲುಚೀಲ ಎಲ್ಲ ವಿಚಾರಿಸಿದ ಮೇಲೆ ಕೊನೆಗೆ ಕೇಳುತ್ತಿದ್ದಳು: "ಪುಟ್ಟಾ, ನಿನ್ನ ಹಡಗಲ್ಲಿ ನಾನಿದೀನಾ ನೋಡೋ."

"ಇಷ್ಟು ದೊಡ್ಡ ಹಡಗಲ್ಲಿ ಎಲ್ಲಿ ಅಂತ ಹುಡುಕ್ಲಿ ಅಮ್ಮ ನಿನ್ನ!"

ಹೋದ ವಾರ ಆಸ್ಪತ್ರೆಯ ಹಾಸಿಗೆಯಿಂದಲೂ ಅದನ್ನೇ ಕೇಳಿದ್ದಳು. ಆ ಕಡೆಯಿಂದ ಮಗ, "ಅಮ್ಮಾ, ನೋಡ್ದೆ. ಎಂಜಿನ್ ರೂಮಲ್ಲಿ—" ಎಂದ. ಕರೆ ತುಂಡಾಯಿತು. ಅವಳು ಫೋನನ್ನು ಎದೆಯ ಮೇಲಿಟ್ಟುಕೊಂಡು, "ಮತ್ತೆ ಮಾಡ್ತಾನೆ ಬಿಡಿ" ಎಂದಳು. ಅವನು ಮತ್ತೆ ಮಾಡುವಷ್ಟರಲ್ಲಿ ಅವಳಿಗೆ ಎಚ್ಚರವಿರಲಿಲ್ಲ.

* * *

ಜನ ಬಂದರು. ಕಚೇರಿಯವರು, ಬೀದಿಯವರು, ಮೇಷ್ಟ್ರ ಬಳಿ ಕಲಿತ ಟ್ಯಾಕ್ಸಿಯವರು. ವಾಲ್ವಿನವನು ಈಗ ಕೋಲೂರುವ ಅಜ್ಜನಾಗಿದ್ದ. ಪೆಟ್ಟಿಗೆಯ ಪಕ್ಕ ನಿಂತು, "ಮಂಡಿ ಇನ್ನೂ ಗಟ್ಟಿ ಇದೆ ನೀರಕ್ಕ" ಎಂದು ಅವಳಿಗೊಬ್ಬಳಿಗೇ ಹೇಳಿ ಹೋಗಿ ಕೂತ.

ಹಿಂದಿನ ಸಾಲುಗಳು ಮಾತ್ರ ಯಾರಿಗೂ ಅರ್ಥವಾಗಲಿಲ್ಲ. ಅಲ್ಲಿ ಕೂತವರ ಗುರುತು ಮನೆಯವರಿಗಿಲ್ಲ, ಅವರಿಗೂ ಒಬ್ಬರ ಗುರುತು ಒಬ್ಬರಿಗಿದ್ದಂತಿಲ್ಲ. ಕೆಲವರ ಕಾಲ ಬಳಿ ಪ್ರಯಾಣದ ಚೀಲ. ಬಾಗಿಲಿಂದ ಇನ್ನೂ ಬರುತ್ತಲೇ ಇದ್ದರು, ಬಂದು ಸದ್ದಿಲ್ಲದೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು.

"ಭಾವ, ಯಾರಿವರೆಲ್ಲ?" ನಾದಿನಿ ಪಿಸುಗುಟ್ಟಿದಳು. "ಬೇರೆಯವರ ಮಣ್ಣಿಗೆ ಬಂದೋರು ತಪ್ಪಿ ಇಲ್ಲಿಗೆ ಬಂದ್ರಾ?"

"ಕೇಳಿ ಬಾ ಮತ್ತೆ."

ಅವಳು ಹೋಗಿ, ಒಬ್ಬ ದಪ್ಪ ಕನ್ನಡಕದ ಹೆಂಗಸಿನ ಜೊತೆ ವಾಪಸು ಬಂದಳು. ಹೆಂಗಸು ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದವಳ ಹಾಗಿದ್ದಳು. ಕೋಟು ಸುಕ್ಕುಗಟ್ಟಿತ್ತು.

"ನಾನು ರಕ್ತನಿಧಿಯಲ್ಲಿ ಕೆಲಸ ಮಾಡೋದು," ಎಂದಳು. "ಮೇಡಂನ ಇವತ್ತೇ ಮೊದಲು ನೋಡ್ತಿರೋದು. ಆದ್ರೆ ಎಷ್ಟೋ ವರ್ಷದಿಂದ ಬೆಳಗ್ಗೆ ಬೆಳಗ್ಗೆ ಬರೆದುಕೊಳ್ತಾ ಇದ್ವಿ. ಅವರ ತಾಳುನ ಅವರ ಜೊತೆ ನಾನೂ ನೋಡ್ಕೊಳ್ತಾ ಇದ್ದೆ. ಈಚೆಗೆ ಅವರಿಗೆ ಕೈಲಾಗದಾಗ ನನಗೇ ಒಪ್ಪಿಸಿದ್ರು."

"ರಕ್ತಕ್ಕೂ ಅದಕ್ಕೂ ಏನಮ್ಮ ಸಂಬಂಧ?" ಎಂದರು ಮೇಷ್ಟ್ರು.

"ರಕ್ತದ ಪೆಟ್ಟಿಗೆಗಳು ತಣ್ಣಗಿವೆಯಾ ಅಂತ ಹಗಲೂ ರಾತ್ರಿ ಕೇಳ್ತಾನೇ ಇರ್ಬೇಕು ಸಾರ್. ಕೇಳೋದು ಮೇಡಂದು." ಹಿಂದಕ್ಕೆ ಕೈ ತೋರಿಸಿದಳು. "ಆ ಗಡ್ಡದವರು ಲಿಫ್ಟ್ ರಿಪೇರಿ ಮಾಡೋದು. ಲಿಫ್ಟು ಸಿಕ್ಕಿಹಾಕ್ಕೊಂಡ್ರೆ ಒಳಗಿನಿಂದ ಕರೆಯುತ್ತಲ್ಲ, ಅದರಲ್ಲಿದೆ. ಆ ಹುಡುಗಿ ಗುಡ್ಡದ ತುದೀಲಿ ನಕ್ಷತ್ರ ನೋಡೋವ್ರ ಹತ್ರ ಇದಾಳೆ. ದೂರದರ್ಶಕಕ್ಕೂ ಗಾಳಿ ಬಂದ್ರೆ ಮಾತು ಕಟ್ಟುತ್ತಂತೆ. ಪಕ್ಕದೋರು ಯಾರೋ ನನಗೂ ಗೊತ್ತಿಲ್ಲ. ಇಲ್ಲಿಗೆ ಬರೋಕಾಗದವರು ಎಷ್ಟು ಜನ ಅಂತ ಯಾರೂ ಎಣಿಸಿಲ್ಲ, ಎಣಿಸೋಕೂ ಆಗಲ್ಲ. ಬಸ್ ನಿಲ್ದಾಣದ ಬೋರ್ಡು, ಭೂಕಂಪ ಅಳೆಯೋ ಯಂತ್ರ... ಒಂದ್ಸಲ ಯಾರೋ ಜೇನುಪೆಟ್ಟಿಗೆ ಒಳಗೆ ಇಟ್ಟಿದೀನಿ ಅಂತ ಬರೆದಿದ್ರು. ಮೇಡಂ ಆ ದಿನವೆಲ್ಲ ಖುಷಿಯಾಗಿದ್ರು."

ಮೇಷ್ಟ್ರಿಗೆ ಜೇನುಪೆಟ್ಟಿಗೆಯ ನೆನಪಿತ್ತು. "ರೀ, ಜೇನುಹುಳಗಳೂ ನನ್ನ ಮಾತು ಕೇಳ್ತಿವೆಯಂತೆ, ನೀವೊಬ್ಬರನ್ನ ಬಿಟ್ಟು" ಎಂದು ತಟ್ಟೆ ಮುಂದಿಟ್ಟಿದ್ದಳು. ಅವರು ಟೈರಿನ ಬೆಲೆ ನೋಡುತ್ತ "ಹೂಂ" ಎಂದಿದ್ದರು. ದೂರದರ್ಶಕಕ್ಕೂ ಹೂಂ. ಲಿಫ್ಟಿಗೂ ಹೂಂ. ಅವಳು ದಿನಕ್ಕೊಂದು ಜಗತ್ತನ್ನು ತಂದು ಊಟದ ಮೇಜಿನ ಮೇಲಿಡುತ್ತಿದ್ದಳು. ಅವರು ಸಾರಿಗೆ ಉಪ್ಪು ಸಾಲದೆನ್ನುತ್ತಿದ್ದರು.

ಅವರು ತಿರುಗಿ ನೋಡಿದರು. ಲಿಫ್ಟಿನವನು ಎದ್ದು ನಿಂತು ತಲೆ ಬಾಗಿಸಿದ. ಅವನನ್ನು ನೋಡಿ ಪಕ್ಕದವಳು ಎದ್ದಳು, ಅವಳನ್ನು ನೋಡಿ ಹಿಂದಿನ ಸಾಲುಗಳೆಲ್ಲ ಎದ್ದು ನಿಂತವು. ಮೇಷ್ಟ್ರಿಗೆ ಏನು ಮಾಡಬೇಕೋ ತೋಚದೆ ತಾವೂ ಎದ್ದು ನಿಂತರು. ಮೊದಲ ದಿನ ಸ್ಟಿಯರಿಂಗ್ ಹಿಡಿದವರ ಹಾಗೆ ಅವರ ಅಂಗೈ ಬೆವರಿತ್ತು.

"ಅಂದ್ರೆ..." ರಕ್ತನಿಧಿಯ ಹೆಂಗಸು ಅವರನ್ನೇ ಕಣ್ಣರಳಿಸಿ ನೋಡುತ್ತಿದ್ದಳು. "ನೀವೇನಾ ಸಾರ್, ಆ ಯಜಮಾನ್ರು?"

"ಯಾವ ಯಜಮಾನ್ರು?"

"ಬಿಡು ಅಂದವರು. ಆ ಮೂರರ ಮೇಲಿನ ಒಂದನ್ನ."

ಮೇಷ್ಟ್ರು ನಾದಿನಿಯ ಮುಖ ನೋಡಿದರು, ನಾದಿನಿ ಅವರ ಮುಖ ನೋಡಿದಳು.

"ತಾಳು ತಗೊಳ್ಳೋ ಪ್ರತಿಯೊಬ್ಬರಿಗೂ ಮೊದಲ ಪುಟದಲ್ಲೇ ಕಾಣುತ್ತೆ ಸಾರ್. ಮೇಡಂ ಬರೆದಿರೋದು. 'ನೀವು ಮೂರು ಸಲ ಎಂದರೆ ಇದು ನಾಲ್ಕು ಸಲ ಕೇಳುತ್ತದೆ. ತಪ್ಪು ನನ್ನದು. ತಿದ್ದೋಣವೇ ಎಂದು ಯಜಮಾನರನ್ನು ಕೇಳಿದೆ. ಒಂದು ಸಲ ಹೆಚ್ಚು ಕೇಳಿದರೆ ಯಾರಪ್ಪನ ಗಂಟು ಹೋಗುತ್ತೆ ಎಂದರು. ಹಾಗಾಗಿ ಬಿಟ್ಟಿದ್ದೇನೆ.' ಎಷ್ಟು ಭಾಷೆಗೆ ಆಗಿದೆ ಗೊತ್ತಾ ಅದು? ಯಾರಪ್ಪನ ಗಂಟು ಅನ್ನೋದನ್ನ ಹೇಗೆ ಹೇಳೋದು ಅಂತ ಎಲ್ಲರೂ ಒದ್ದಾಡಿದಾರೆ!"

ನಾದಿನಿ ಅಳುತ್ತಿದ್ದವಳು ನಕ್ಕುಬಿಟ್ಟಳು, ನಕ್ಕದ್ದಕ್ಕೆ ಮತ್ತೆ ಅತ್ತಳು. "ಅಯ್ಯೋ ಭಾವ, ನಿಮ್ಮ ಬಾಯಿ ಅಷ್ಟು ದೂರ ಹೋಗಿದೆಯಾ!"

* * *

ಆ ದಿನ ಮೇಷ್ಟ್ರು ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದರು, ಅವಳು ಒರೆಸಿಡುತ್ತಿದ್ದಳು. ಒಂದೇ ತಟ್ಟೆಯನ್ನು ಬಹಳ ಹೊತ್ತಿನಿಂದ ಒರೆಸುತ್ತಿದ್ದಳು.

"ರೀ, ನನ್ನದೊಂದು ತಪ್ಪಾಗಿದೆ."

"ಯಾರಿಗೆ ಗುದ್ದಿದೆ?"

"ತಮಾಷೆ ಅಲ್ಲ. ತಾಳು ಇದೆಯಲ್ಲ, ಮೂರು ಸಲ ಕೇಳು ಅಂದ್ರೆ ನಾಲ್ಕು ಸಲ ಕೇಳುತ್ತೆ. ಎಣಿಸೋದನ್ನ ಸೊನ್ನೆಯಿಂದ ಶುರುಮಾಡಿ ಮೂರು ಮುಗಿಯೋ ತನಕ ಬಿಟ್ಟಿದೀನಿ. ಸೊನ್ನೆ, ಒಂದು, ಎರಡು, ಮೂರು. ನಾಲ್ಕಾಯ್ತಲ್ಲ! ಶುರುವಿಂದ ಹಾಗೇ ಇದೆ. ಇಷ್ಟು ಜನ ತಗೊಂಡಿದಾರೆ, ನಾನೇ ನೋಡಿಲ್ಲ."

"ಸರಿ ಮಾಡು. ನಿನ್ನದೇ ತಾನೆ?"

"ಮಾಡೋಕೆ ಹೊರಟೆ. ತಿದ್ದುತೀನಿ ಅಂತ ಹೇಳಿದ್ದಕ್ಕೆ ರಕ್ತನಿಧಿಯವಳು ಬರೆದಿದಾಳೆ, ದಯವಿಟ್ಟು ಬೇಡ, ನಮ್ಮ ಹಳೇ ಪೆಟ್ಟಿಗೆಗಳು ಎಷ್ಟೋ ಸಲ ಮಾತಾಡೋದೇ ಆ ಹೆಚ್ಚಿನ ಒಂದಕ್ಕೆ ಅಂತ. ಬೇರೆಯವರು, ತಪ್ಪು ಅಂದ್ರೆ ತಪ್ಪು, ತಿದ್ದಿ ಅಂತಾರೆ. ಅವರು ಹೇಳೋದೂ ನಿಜ. ಹೇಳಿದ್ದೊಂದು, ಮಾಡೋದೊಂದು ಆಗ್ಬಾರದು. ನಂಗೆ ನಿದ್ದೆ ಬರ್ತಿಲ್ಲ ರೀ."

ಮೇಷ್ಟ್ರ ತಲೆಯಲ್ಲಿ ಅಂದು ಗೇರ್ ಪೆಟ್ಟಿಗೆ ಮುರಿದುಕೊಂಡ ಕಾರು ಓಡುತ್ತಿತ್ತು. ನೊರೆಗೈಯಿಂದ ಬಾಣಲೆ ತಿಕ್ಕುತ್ತ, ತಿರುಗಿಯೂ ನೋಡದೆ ಅಂದರು: "ಬಿಡೇ ಅತ್ಲಾಗೆ. ಒಂದ್ಸಲ ಹೆಚ್ಚು ಕೇಳಿದ್ರೆ ಯಾರಪ್ಪನ ಗಂಟು ಹೋಗುತ್ತೆ?"

ಒರೆಸುವ ಸದ್ದು ನಿಂತಿತು. ಅವರು ನೀರು ನಿಲ್ಲಿಸಿ ನೋಡಿದಾಗ ಅವಳು ತಟ್ಟೆ ಹಿಡಿದು ಹಾಗೇ ನಿಂತಿದ್ದಳು. ಗಂಡ ಏನೋ ಕೊಡುಗೆ ತಂದುಕೊಟ್ಟ ಹಾಗಿತ್ತು ಅವಳ ಮುಖ.

"ಏನೇ?"

"ಏನಿಲ್ಲ," ಎಂದು ತಟ್ಟೆಯನ್ನು ಗೂಡಿನಲ್ಲಿಟ್ಟು ಹಿಂದಿನ ಕೋಣೆಗೆ ಹೋದಳು. ಉಳಿದ ಪಾತ್ರೆಗಳನ್ನು ಅಂದು ಮೇಷ್ಟ್ರೇ ಒರೆಸಬೇಕಾಯಿತು. ಅದಕ್ಕೆ ಸ್ವಲ್ಪ ಗೊಣಗಿದ್ದರು ಕೂಡ.

* * *

ಮೇಷ್ಟ್ರು ರಕ್ತನಿಧಿಯ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಕೂತ ಮೇಲೆ ಮೇಲ್ವಿಚಾರಕ ದೀಪಗಳನ್ನು ತಗ್ಗಿಸಿ ಗುಂಡಿ ಒತ್ತಿದ. ಪರದೆಯ ನಡುವೆ ಬಿಳಿಯ ಉಂಗುರವೊಂದು ತಿರುಗತೊಡಗಿತು. ಕೆಳಗೆ ಸಣ್ಣ ಅಕ್ಷರ: ಪ್ರಯತ್ನ 1/3.

ಉಂಗುರ ತಿರುಗಿತು, ನಿಂತಿತು. ಕಪ್ಪು.

"ಒಂದು ಹೋಯ್ತು," ಎಂದಳು ನಾದಿನಿ. ಮೇಷ್ಟ್ರ ಕಾಲು ನೆಲ ಒತ್ತಿತು.

ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಉಂಗುರ ಎದ್ದಿತು. ಪ್ರಯತ್ನ 2/3. ಈ ಸಲ ಪರದೆಯಲ್ಲಿ ಬೂದುಬಣ್ಣದ ಚೌಕಗಳು ಕಲಸಿಕೊಂಡು, ಕಡಲೋ ಗೋಡೆಯೋ ತಿಳಿಯದಂಥದೊಂದು ಮೂಡುತ್ತ ಮೂಡುತ್ತ ಅಳಿಸಿಹೋಯಿತು.

ಮತ್ತೆ ಕಪ್ಪು. ಈ ಕಪ್ಪು ಮೊದಲಿನದಕ್ಕಿಂತ ಉದ್ದವಾಗಿತ್ತು.

ರಕ್ತನಿಧಿಯ ಹೆಂಗಸು ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ತುಟಿಯಲ್ಲೇ ಏನೋ ಎಣಿಸುತ್ತಿದ್ದಳು. ಉಂಗುರ ಮತ್ತೆ ಹೊತ್ತಿಕೊಂಡಾಗ ಅವರ ತೋಳು ಹಿಡಿದಳು.

"ಸಾರ್. ಮೊದಲು ತಾಳಿದ್ದರ ಎರಡರಷ್ಟು ತಾಳ್ತು."

"ಅಂದ್ರೆ? ಅವಳದಾ ಇದು?"

"ಹೇಳೋಕಾಗಲ್ಲ. ಹೀಗೆ ತಾಳೋವು ಬೇರೆಯವೂ ಇವೆ. ಮೂರಕ್ಕೆ ಮೂರೇ ಕೇಳೋವು." ಅವಳು ಪರದೆಯ ಕಡೆ ತಿರುಗಿದಳು. "ಮೂರಾದ ಮೇಲೆ ಗೊತ್ತಾಗುತ್ತೆ."

ಪ್ರಯತ್ನ 3/3. ಉಂಗುರ ತಿರುಗಿತು. ಎಲ್ಲರೂ ಅದನ್ನೇ ನೋಡುತ್ತಿದ್ದರು, ಪೆಟ್ಟಿಗೆಯೊಳಗಿದ್ದವಳೊಬ್ಬಳನ್ನು ಬಿಟ್ಟು. ಅದು ಒಂದು ಕಡೆ ತಡವರಿಸಿ, ಇನ್ನೇನು ಮುಂದೆ ಹೋಗುತ್ತದೆ ಎನ್ನುವಾಗ, ಆರಿತು.

ಕಪ್ಪು.

ಮೇಲ್ವಿಚಾರಕ ಒಂದು ಕ್ಷಣ ತಲೆ ತಗ್ಗಿಸಿ ನಿಂತ. ನಿಜವಾಗಿಯೂ ನೊಂದಿದ್ದ. ಆಮೇಲೆ ಬೀಗದ ಕೈಗಳನ್ನು ಹಿಡಿದುಕೊಂಡು ಪರದೆ ಆರಿಸಲು ಅದರ ಹಿಂದಿನ ಗುಂಡಿಯ ಕಡೆ ಕೈ ಚಾಚಿದ. ಮುಚ್ಚಳ ಹಿಡಿದ ಇಬ್ಬರು ಕೆಲಸಗಾರರು ಗೋಡೆಯ ಬಳಿಯಿಂದ ಹೆಜ್ಜೆ ಮುಂದಿಟ್ಟರು.

ಮೇಷ್ಟ್ರು ಎದ್ದರು. ಅಡ್ಡರಸ್ತೆಯಲ್ಲಿ ನುಗ್ಗಿ ಬರುವ ಲಾರಿಗೆ ತೋರಿಸುವಂತೆ ಅಂಗೈ ಮೇಲೆತ್ತಿದರು.

"ತಾಳಿ."

"ಸಾರ್, ಮೂರೂ ಆಯ್ತು..."

"ಮೂರಾಯ್ತು. ಇನ್ನೊಂದಿದೆ."

"ಇಲ್ಲ ಸಾರ್, ಇದರಲ್ಲಿ ಮೂರೇ ಇರೋದು. ಅವರು ಹೇಳಿದ ಹಾಗೆ ನಾನೇ ಇಟ್ಟಿದ್ದು, ನೋಡಿ ಬೇಕಾದ್ರೆ—"

"ನೀವು ಮೂರೇ ಇಟ್ಟಿದೀರಪ್ಪ. ಅವಳು ಒಂದು ಹೆಚ್ಚು ಇಟ್ಟಿದಾಳೆ. ಮುಟ್ಟಬೇಡಿ. ತಾಳಿ."

ಹಾಗೆ ಹೇಳಿಬಿಟ್ಟರು, ಆದರೆ ಅವರಿಗೇನು ಗೊತ್ತಿತ್ತು? ಗೊತ್ತಿದ್ದವಳು ಪಕ್ಕದಲ್ಲಿ ಬಾಯಿ ಮೇಲೆ ಕೈಯಿಟ್ಟು ಕೂತಿದ್ದಳು. ಇನ್ನೂ ಹೆಚ್ಚು ಗೊತ್ತಿದ್ದವಳು ಹೂವಿನ ನಡುವೆ ಕಣ್ಣು ಮುಚ್ಚಿ ಮಲಗಿದ್ದಳು. ಮೇಲ್ವಿಚಾರಕನ ಬೆರಳು ಗುಂಡಿಯ ಬಳಿ ಗಾಳಿಯಲ್ಲೇ ನಿಂತಿತು. ಕೆಲಸಗಾರರು ಮುಚ್ಚಳ ಹಿಡಿದುಕೊಂಡು ಅಲ್ಲಲ್ಲೇ ನಿಂತರು.

ಕತ್ತಲೆ ಪರದೆ ಈಗ ಕನ್ನಡಿಯಾಗಿತ್ತು. ಅದರಲ್ಲಿ ಪೆಟ್ಟಿಗೆಯ ಬಿಳಿ ಅಂಚು ಕಾಣುತ್ತಿತ್ತು, ಅದರ ಹಿಂದೆ ಮೇಷ್ಟ್ರ ಎತ್ತಿದ ಕೈ, ಅದರ ಹಿಂದೆ ಸಾಲುಸಾಲಾಗಿ ಎದ್ದು ನಿಂತ ಮುಖಗಳು. ವಾಲ್ವಿನ ಅಜ್ಜ ಕೋಲಿನ ಮೇಲೆ ಗಲ್ಲವಿಟ್ಟು, ಗುಡ್ಡದ ಮೇಲೆ ನೀರಿನ ಸದ್ದಿಗೆ ಕಿವಿಗೊಟ್ಟವನ ಹಾಗೆ ಕಣ್ಣು ಮುಚ್ಚಿದ್ದ. ಈ ಹೊತ್ತಿನಲ್ಲೇ ಎಲ್ಲೋ ಒಂದು ಲಿಫ್ಟು ಹೀಗೇ ತಾಳುತ್ತಿರಬಹುದು, ಎಲ್ಲೋ ತಣ್ಣನೆಯ ರಕ್ತ, ಎಲ್ಲೋ ಗುಡ್ಡದ ತುದಿಯಲ್ಲಿ ಆಕಾಶದ ಕಡೆ ಬಾಯಿ ತೆರೆದು ನಿಂತ ಕೊಳವೆ, ಎಲ್ಲೋ ಜೇನುಹುಳಗಳು. ತಮ್ಮ ಅಡುಗೆಮನೆಯ ಹಿಂದಿನ ಕೋಣೆ ಇಷ್ಟು ದೊಡ್ಡದಿತ್ತೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

"ಇನ್ನೂ ಎಷ್ಟು?" ತುಟಿ ಅಲುಗದಂತೆ ಕೇಳಿದರು.

"ಅದರ ಎರಡರಷ್ಟು," ಎಂದಳು ಹೆಂಗಸು. "ಕೇಳಿದ್ರೂ ಸಿಗುತ್ತೆ ಅಂತಿಲ್ಲ ಸಾರ್. ಕೇಳೋದು ಮಾತ್ರ ಅದರ ಕೆಲಸ."

ಉಂಗುರ ಎದ್ದಿತು.

ಪ್ರಯತ್ನ 4/3.

"ಅಯ್ಯೋ," ಎಂದ ಮೇಲ್ವಿಚಾರಕ, ಮಗುವಿನ ದನಿಯಲ್ಲಿ. ಗುಂಡಿಯ ಬಳಿಯಿಂದ ಕೈಯನ್ನು ಬಿಸಿ ತಗುಲಿದವನಂತೆ ಹಿಂದಕ್ಕೆಳೆದುಕೊಂಡ.

ಬೂದು ಚೌಕಗಳು ಬಂದವು. ಒಂದರ ಪಕ್ಕ ಒಂದು ಕೂತವು, ಕದಲಿದವು, ಮತ್ತೆ ಕೂತವು. ಒಂದು ಕಬ್ಬಿಣದ ಗೋಡೆಯಾಯಿತು. ಗೋಡೆಯ ಮುಂದೆ ಎಣ್ಣೆಗಪ್ಪು ಅಂಗಿಗಳಲ್ಲಿ ಟೋಪಿ ತೆಗೆದು ನಿಂತ ಏಳೆಂಟು ಮಂದಿ ಆದರು. ಅವರ ಮುಂದೆ, ಎಲ್ಲರಿಗಿಂತ ಕೊನೆಗೆ, ನಿದ್ದೆಗೆಟ್ಟ ಒಂದು ಮುಖ ಆಯಿತು. ತುಟಿ ಆಡುತ್ತಿತ್ತು, ಶಬ್ದ ಇನ್ನೂ ಬಂದಿರಲಿಲ್ಲ.

ಮೇಷ್ಟ್ರು ಅಡ್ಡ ನಿಲ್ಲದಂತೆ ಪಕ್ಕಕ್ಕೆ ಸರಿದು ಕುರ್ಚಿಯಲ್ಲಿ ಕೂತರು. ಗುಂಡಿಯಷ್ಟು ಕ್ಯಾಮೆರಾ ಪೆಟ್ಟಿಗೆಯೊಳಗೆ ನೋಡುತ್ತಿತ್ತು.

ಶಬ್ದ ಬಂತು. ಮೊದಲು ಎಂಜಿನ್ನಿನ ಗುಡುಗು, ಅದರೊಳಗಿಂದ ಅವನು.

"—ಮ್ಮಾ. ಅಮ್ಮಾ, ಇದೀಯ ಕಣಮ್ಮ. ಇಲ್ಲೇ ಇದೀಯ. ನನ್ನ ತಲೆ ಮೇಲೇನೇ, ಎಂಜಿನ್ ತಣ್ಣಗಿಡೋ ನೀರನ್ನ ಎಷ್ಟಿದೆ ಅಂತ ಕೇಳ್ತಾ ಇದೀಯ. ನಾನು ಬಂದಾಗಿಂದ ಕೇಳ್ತಾನೇ ಇದೀಯಂತೆ."

ಅವನು ಕೈಯೆತ್ತಿ ಮೇಲೆ ತೋರಿಸಿದ. ಹಡಗಿನವರೆಲ್ಲ ತಲೆಯೆತ್ತಿ ಅತ್ತ ನೋಡಿದರು. ಇಲ್ಲಿ ಕೂಡ ಹಿಂದಿನ ಸಾಲುಗಳವರು, ಕಾಣಲು ಏನೂ ಇಲ್ಲದಿದ್ದರೂ, ಮಾಡಿನ ಕಡೆ ಮುಖವೆತ್ತಿದರು.

ಮೇಷ್ಟ್ರು ಒಬ್ಬರೇ ಕೆಳಗೆ ನೋಡಿದರು. ಬೆಳಗಿನಿಂದ ನೆಲವನ್ನು ಒತ್ತಿ ಹಿಡಿದಿದ್ದ ಅವರ ಬಲಗಾಲು ಮೆಲ್ಲಗೆ, ಯಾರೋ ಮಂಡಿಯ ಮೇಲೆ ಕೈಯಿಟ್ಟ ಹಾಗೆ, ಮೇಲಕ್ಕೆ ಬಂತು.